ಬೀಗ ಹಾಕಲಾಗಿತ್ತು

ಫೆಬ್ರವರಿ ೯, ಸೋಮವಾರ

ನಿನ್ನೆಯ ಪುಟದಲ್ಲಿ ಒಂದು ತಪ್ಪು ಉಳಿದಿದೆ. ಪುರಭವನಕ್ಕೆ ಐದು ಬಾಗಿಲುಗಳೆಂದು ಬರೆಯಲಾಗಿದೆ. ಇಂದು ಬೆಳಿಗ್ಗೆ ಹೋಗಿ ಎಣಿಸಲಾಯಿತು: ಮುಂಭಾಗದಲ್ಲಿ ಮೂರು, ಎಡಕ್ಕೆ ಒಂದು, ವೇದಿಕೆಯ ಹಿಂದೆ ಒಂದು, ಬಲಕ್ಕೆ ಒಂದು. ಒಟ್ಟು ಆರು. ಬಲಬದಿಯದು ಬಿಟ್ಟುಹೋಗಿತ್ತು. ನಲವತ್ತು ವರ್ಷಗಳಿಂದ ಒಳಗೂ ಹೊರಗೂ ಓಡಾಡಿದ ಕಟ್ಟಡದಲ್ಲಿ ಒಂದು ಬಾಗಿಲು ಹೇಗೆ ಬಿಟ್ಟುಹೋಯಿತೆಂಬುದು ತಿಳಿಯದು. ನೆನಪನ್ನು ನಂಬಿ ಬರೆಯುವವರಿಗೆ ಹೀಗೆಯೇ ಆಗುವುದು.

ಮುಂದಿನ ತಿಂಗಳ ಹದಿನೈದಕ್ಕೆ ನಗರ ದಿನ. ಅಂದು ಪುರಭವನಕ್ಕೆ ಎಪ್ಪತ್ತೈದು ತುಂಬುತ್ತದೆ. ಆಚರಣಾ ಸಮಿತಿಯವರು ಸ್ಮರಣ ಸಂಚಿಕೆಯೊಂದನ್ನು ತರುತ್ತಿದ್ದು, ಭವನದ ಚರಿತ್ರೆ ಬರೆಯುವ ಹೊಣೆಯನ್ನು ಇಲ್ಲಿಗೆ ವಹಿಸಿದ್ದಾರೆ. ಸಮಿತಿಯ ಅಧ್ಯಕ್ಷ ಬಟ್ಟೆ ಅಂಗಡಿಯ ಮಾಲೀಕ, ಹಳೆಯ ವಿದ್ಯಾರ್ಥಿ. ಪಾಠ ಓದುವಾಗ ಎರಡು ಪದಕ್ಕೊಮ್ಮೆ ನಿಲ್ಲುತ್ತಿದ್ದುದರಿಂದ ತರಗತಿಯಲ್ಲಿ ಅವನಿಗೆ ಅಲ್ಪವಿರಾಮ ಎಂದು ಹೆಸರು ಬಿದ್ದಿತ್ತು. ಐವತ್ತು ದಾಟಿದರೂ ಆ ಅಭ್ಯಾಸ ಬಿಟ್ಟಿಲ್ಲ.

“ಸರ್, ಇದು ನಿಮ್ಮ ಕೈಯಿಂದ, ಅಂದ್ರೆ, ನೀವು ಬರೆದ್ರೇನೇ, ಊರಿಗೊಂದು ಮರ್ಯಾದೆ,” ಎಂದ. “ಮತ್ತೆ, ಆವತ್ತು ಬೆಂಕಿ ಬಿದ್ದಾಗ, ನೀವು ಮಕ್ಕಳನ್ನ ಉಳಿಸಿದ್ದು, ಅದಕ್ಕೊಂದು ಫಲಕ ಕೊಡಬೇಕು ಅಂತ, ಸಮಿತಿ...”

“ವಾಕ್ಯ ಮುಗಿಸು,” ಎಂದು ಹೇಳಲಾಯಿತು.

“ತೀರ್ಮಾನ ಮಾಡಿದೆ ಸರ್.”

ಹಿಂತಿರುಗುವಾಗ ಮುಖ್ಯ ರಸ್ತೆಯಲ್ಲಿ ಹೊಸ ಬಟ್ಟೆಫಲಕ ಕಟ್ಟುತ್ತಿದ್ದರು. ‘ನಗರ ದಿನದ ಶುಭಾಷಯಗಳು’. ಏಣಿಯ ಮೇಲಿದ್ದವನನ್ನು ಕೆಳಗಿಳಿಸಲಾಯಿತು. ಶುಭ, ಆಶಯ, ಎರಡು ಸೇರಿ ಶುಭಾಶಯ, ಇಲ್ಲಿ ಭಾಷೆಗೆ ಕೆಲಸವಿಲ್ಲ ಎಂದು ವಿವರಿಸಲಾಯಿತು. ಅವನು “ಯಾರೂ ನೋಡಲ್ಲ ಬಿಡಿ ಯಜಮಾನ್ರೇ” ಎಂದ. “ನಾವು ನೋಡಿದೆವಲ್ಲ” ಎಂದು ಉತ್ತರಿಸಲಾಯಿತು. ಅರ್ಧ ಗಂಟೆ ನಿಂತು ತಿದ್ದಿಸಲಾಯಿತು.

ಇದನ್ನು ಬರೆಯುವಾಗ ಮನೆಯಾಕೆ ಚಹಾ ಇಟ್ಟು, ಹೆಗಲ ಮೇಲಿಂದ ಬಗ್ಗಿ ನೋಡಿದಳು. ದೂರವಾಣಿ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಪರರ ಮಾತಿಗೆ ಕಿವಿಗೊಡುವುದು ಅವಳಿಗೆ ದೋಷವೆಂದು ತೋರುವುದೇ ಇಲ್ಲ.

“ಎಣಿಸಲಾಯಿತು, ಇಳಿಸಲಾಯಿತು, ತಿದ್ದಿಸಲಾಯಿತು. ಯಾರ್ರೀ ಇದನ್ನೆಲ್ಲ ಮಾಡಿದ್ದು? ಪಕ್ಕದ ಮನೆಯವರಾ?”

ಕರ್ಮಣಿ ಪ್ರಯೋಗದ ಗಾಂಭೀರ್ಯ ಅವಳಿಗೆ ತಿಳಿಯದು. ಚಹಾ ಕುಡಿಯಲಾಯಿತು.

ಬರೆದು ಮುಗಿದದ್ದು: ಫೆಬ್ರವರಿ ೯, ಸಂಜೆ ೬ ಗಂಟೆ ೪೧ ನಿಮಿಷ.

ಫೆಬ್ರವರಿ ೧೨, ಗುರುವಾರ

ಮೊದಲ ನಲವತ್ತೆಂಟು ವರ್ಷಗಳ ಚರಿತ್ರೆಯನ್ನು, ಹದಿನೇಳು ಪುಟ, ಅಚ್ಚುಮನೆಗೆ ಒಪ್ಪಿಸಲಾಯಿತು. ಅಚ್ಚುಮನೆಯನ್ನು ನಡೆಸುವವಳು ನಲವತ್ತರ ಆಸುಪಾಸಿನ ಹೆಂಗಸು. ಕಂಪ್ಯೂಟರಿನ ಮುಂದೆ ತಾನೇ ಕುಳಿತು ಅಕ್ಷರ ಜೋಡಿಸುತ್ತಾಳೆ. ಹಸ್ತಪ್ರತಿಯನ್ನು ನಿಂತಲ್ಲೇ ಓದಿದಳು, ತುಟಿ ಅಲುಗಲಿಲ್ಲ.

“ಸರ್, ಮೂರನೇ ಪುಟದಲ್ಲಿ ಸಭಾಂಗಣದ ಉದ್ದ ತೊಂಬತ್ತಡಿ ಅಂತಿದೆ. ಹನ್ನೊಂದರಲ್ಲಿ ತೊಂಬತ್ತಾರು. ಯಾವುದು ಇಟ್ಕೊಳ್ಳಲಿ?”

ತೊಂಬತ್ತಾರು. ಇಂಥ ಕಣ್ಣು ಈಗ ಅಪರೂಪ. ಎಲ್ಲಿ ಓದಿದ್ದೆಂದು ಕೇಳಲಾಯಿತು.

“ನಿಮ್ಮ ಹತ್ತಿರಾನೇ ಸರ್. ಒಂಬತ್ತನೇ ಕ್ಲಾಸು. ಪರೀಕ್ಷೆಗೆ ಮೊದಲೇ ಬಿಟ್ಟೆ.”

“ಏಕಮ್ಮಾ?”

“ಅಪ್ಪನ ಕೆಲಸ ಹೋಯ್ತಲ್ಲ ಸರ್.” ಪುಟಗಳನ್ನು ಸಾಲಾಗಿ ತಟ್ಟಿ ಸಮ ಮಾಡಿದಳು. “ಪುರಭವನದ ಕಾವಲುಗಾರರು.”

ಮುಂದಿನ ವರ್ಷದ್ದು ಯಾವಾಗ ಕೊಡುತ್ತೀರಿ ಎಂದು ಕೇಳಿದಳು. ಸೋಮವಾರವೆಂದು ತಿಳಿಸಲಾಯಿತು.

ಆ ಕಾವಲುಗಾರನಿಗೆ ಒಬ್ಬಳು ಮಗಳಿದ್ದುದು ನೆನಪಿರಲಿಲ್ಲ. ಅವನು ಇನ್ನೂ ಇದ್ದಾನಂತೆ. ಇದನ್ನು ಇಲ್ಲಿ ದಾಖಲಿಸಲು ವಿಶೇಷ ಕಾರಣವೇನೂ ಇಲ್ಲ.

ಬರೆದು ಮುಗಿದದ್ದು: ಫೆಬ್ರವರಿ ೧೨, ಮಧ್ಯಾಹ್ನ ೩ ಗಂಟೆ ೧೮ ನಿಮಿಷ.

ಫೆಬ್ರವರಿ ೧೬, ಸೋಮವಾರ

ಇಪ್ಪತ್ತಾರು ವರ್ಷಗಳ ಹಿಂದಿನ ನಗರ ದಿನದ ಅವಘಡವನ್ನು ಕುರಿತು ಹೊಸದಾಗಿ ಏನನ್ನೂ ಬರೆಯುವ ಅಗತ್ಯವಿಲ್ಲ. ಅಂದಿನ ವಿಚಾರಣಾ ಸಮಿತಿಯ ವರದಿ ಇದೆ. ಅದನ್ನು ಬರೆದುಕೊಟ್ಟದ್ದೂ ಈ ಕೈಯೇ. ಸಮಿತಿಯವರಿಗೆ ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. ಅದರಿಂದಲೇ ಈ ಸಾಲುಗಳನ್ನು ಎತ್ತಿಕೊಳ್ಳಲಾಯಿತು:

‘ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ವೇದಿಕೆಯ ಪರದೆಗೆ ದೀಪದ ಕಿಡಿ ತಗುಲಿ ಬೆಂಕಿ ಹತ್ತಿತು. ಬಲಬದಿಯ ಬಾಗಿಲಿಗೆ ಬೀಗ ಹಾಕಲಾಗಿತ್ತು. ಬೀಗದ ಕೈ ಸಕಾಲಕ್ಕೆ ದೊರೆಯಲಿಲ್ಲ. ಘಟನೆಯ ವೇಳೆ ಕಾವಲುಗಾರನು ಸ್ಥಳದಲ್ಲಿರಲಿಲ್ಲ. ನಾಲ್ಕು ನಿಮಿಷಗಳ ಬಳಿಕ ಬಾಗಿಲನ್ನು ತೆರೆಯಲಾಯಿತು. ನೂಕುನುಗ್ಗಲಿನಲ್ಲಿ ಸಿಲುಕಿ ಇಬ್ಬರು ಮೃತಪಟ್ಟರು.’

ಭಾಷೆ ಇಂದಿಗೂ ನಿರ್ದುಷ್ಟವಾಗಿದೆ. ಒಂದು ಪದವೂ ಹೆಚ್ಚಿಲ್ಲ.

ಬರೆದು ಮುಗಿದದ್ದು: ಫೆಬ್ರವರಿ ೧೬, ಬೆಳಿಗ್ಗೆ ೧೦ ಗಂಟೆ ೨ ನಿಮಿಷ.

ಫೆಬ್ರವರಿ ೨೦, ಶುಕ್ರವಾರ

ಕರಡು ತಿದ್ದಲು ಅಚ್ಚುಮನೆಗೆ ಹೋಗಲಾಯಿತು. ಹದಿನೆಂಟನೆಯ ಪುಟದ ಅಂಚಿನಲ್ಲಿ ಸೀಸದಕಡ್ಡಿಯಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ‘ಬೀಗ ಹಾಕಲಾಗಿತ್ತು’ ಎಂಬುದರ ಪಕ್ಕದಲ್ಲಿ.

ಇಲ್ಲಿ ಏನು ತಪ್ಪಿದೆಯೆಂದು ಕೇಳಲಾಯಿತು.

“ತಪ್ಪಿಲ್ಲ ಸರ್,” ಎಂದಳು. ಕೈ ಒರೆಸಿಕೊಂಡು ಎದುರಿಗೆ ಬಂದು ಕುಳಿತಳು. “ನೀವು ಹೇಳ್ಕೊಡ್ತಿದ್ರಲ್ಲ, ಯಾವ ವಾಕ್ಯ ಕಂಡ್ರೂ ಮೊದಲು ಕರ್ತೃ ಹುಡುಕಿ ಅಂತ. ಹಾಕಿದ್ದು ಯಾರು ಅಂತ ಹುಡುಕ್ದೆ. ಸಿಗಲಿಲ್ಲ.”

“ಅದು ಕರ್ಮಣಿ ಪ್ರಯೋಗ. ಅಲ್ಲಿ ಕರ್ತೃವನ್ನು ಹೇಳಲೇಬೇಕೆಂಬ ನಿಯಮವಿಲ್ಲ.”

“ಗೊತ್ತು ಸರ್. ಹೇಳದೇ ಇದ್ರೂ ಇರ್ತಾನೆ ಅಂತಾನೂ ನೀವೇ ಹೇಳಿದ್ರಿ.”

ಯಂತ್ರ ನಿಂತಿತ್ತು. ಹೊರಗೆ ಯಾರೋ ಬ್ಯಾಂಡಿನ ತಾಲೀಮು ನಡೆಸುತ್ತಿದ್ದರು. ಒಂದೇ ಸಾಲನ್ನು ಮತ್ತೆ ಮತ್ತೆ ಬಾರಿಸಿ ಒಂದೇ ಕಡೆ ತಪ್ಪುತ್ತಿದ್ದರು.

“ಇದರಲ್ಲಿ ಆರು ವಾಕ್ಯ ಇದೆ ಸರ್. ಮನುಷ್ಯರು ಕರ್ತೃ ಆಗಿರೋದು ಎರಡೇ ಕಡೆ. ಸತ್ತೋರು ಇಬ್ಬರು, ಆಮೇಲೆ ನಮ್ಮಪ್ಪ.”

ಏರುದನಿಯಿಲ್ಲ, ಕಣ್ಣೀರಿಲ್ಲ. ಉದ್ದ ತೊಂಬತ್ತೋ ತೊಂಬತ್ತಾರೋ ಎಂದು ಕೇಳಿದ ದನಿಯಲ್ಲಿಯೇ ಹೇಳಿದಳು. ಅದಕ್ಕೆ ಉತ್ತರವಾಗಿ ಏನನ್ನೋ ಹೇಳಲಾಯಿತು. ವರದಿಯ ಭಾಷೆ, ಸರಕಾರಿ ಪದ್ಧತಿ ಎಂದೇನೋ. ಅವಳು ತಲೆಯಾಡಿಸಿ, “ಹಾಗೇ ಜೋಡಿಸ್ತೀನಿ ಬಿಡಿ ಸರ್. ನೀವು ಸಹಿ ಹಾಕಿ ಕೊಟ್ರೆ ಸಾಕು,” ಎಂದಳು.

ಕರಡಿಗೆ ಸಹಿ ಹಾಕದೆ ಬರಲಾಯಿತು. ಕನ್ನಡಕ ತಂದಿಲ್ಲವೆಂದು ಹೇಳಲಾಯಿತು. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಬರೆದು ಮುಗಿದದ್ದು: ಫೆಬ್ರವರಿ ೨೦, ಸಂಜೆ ೫ ಗಂಟೆ ೫೭ ನಿಮಿಷ.

ಫೆಬ್ರವರಿ ೨೧, ಶನಿವಾರ

ಇಂದು ಏನನ್ನೂ ಬರೆಯಲಾಗಲಿಲ್ಲ.

ಈ ಕ್ರಿಯಾಪದಕ್ಕೆ ಎರಡು ಅರ್ಥವಿದೆ: ಬರೆಯುವ ಕೆಲಸ ನಡೆಯಲಿಲ್ಲ ಎಂದೂ, ಬರೆಯಲು ಶಕ್ತಿ ಸಾಲಲಿಲ್ಲ ಎಂದೂ. ಯಾವ ಅರ್ಥವನ್ನು ಉದ್ದೇಶಿಸಲಾಗಿದೆಯೆಂಬುದನ್ನು ಸ್ಪಷ್ಟಪಡಿಸುವುದು ಒಳ್ಳೆಯ ಬರವಣಿಗೆಯ ಲಕ್ಷಣ.

ಬೆಳಿಗ್ಗೆ ೯ ಗಂಟೆ ೫ ನಿಮಿಷ.

ಫೆಬ್ರವರಿ ೨೫, ಬುಧವಾರ

ನಡೆದದ್ದನ್ನು ಒಮ್ಮೆ ಕ್ರಮವಾಗಿ ಬರೆದಿಡುವುದು ಒಳ್ಳೆಯದು. ಯಾರಿಗೂ ತೋರಿಸಲು ಅಲ್ಲ.

ಅಂದು ಶಾಲೆಯ ಮಕ್ಕಳ ವೃಂದಗಾನವಿತ್ತು. ನಲವತ್ತೆರಡು ಮಕ್ಕಳು. ಬಲಬದಿಯ ಬಾಗಿಲಿನಾಚೆ ಅಂಗಳದಲ್ಲಿ ನೀರಿನ ನಲ್ಲಿ. ಮುಖ್ಯ ಅತಿಥಿಯ ಭಾಷಣ ನಡೆದಿದ್ದಾಗ ಮಕ್ಕಳೂ ದೊಡ್ಡವರೂ ನೀರಿಗೆಂದು ಎದ್ದು ಹೋಗುವುದು, ಬರುವುದು, ಪ್ರತಿ ಸಲವೂ ಬಾಗಿಲು ಧಡ್ ಎಂದು ಬಡಿಯುವುದು. ಅತಿಥಿ ಎರಡು ಸಲ ಮಾತು ನಿಲ್ಲಿಸಿ ಆ ಕಡೆ ನೋಡಿದರು. ಶಿಸ್ತಿಗೆ ಹೆಸರಾದ ಊರು. ಕಾವಲುಗಾರನನ್ನು ಕರೆದು, “ಬೀಗದ ಕೈ ಕೊಡು ಇಲ್ಲಿ,” ಎಂದು ಕೇಳಲಾಯಿತು.

ಅವನು, “ಕಾರ್ಯಕ್ರಮ ನಡೀವಾಗ ಹಾಕಬಾರದು ಮೇಷ್ಟ್ರೇ,” ಎಂದ.

“ನನಗೆ ಹೇಳಿಕೊಡುತ್ತೀಯಾ?” ಎಂದು ಕೇಳಲಾಯಿತು. ಕೊಟ್ಟ.

ಬಾಗಿಲಿಗೆ ಬೀಗ ಹಾಕಲಾಯಿತು. ಬೀಗದ ಕೈ ಕೋಟಿನ ಒಳಜೇಬಿಗೆ ಹೋಯಿತು.

ಪರದೆ ಹೊತ್ತಿಕೊಂಡಾಗ ಮಕ್ಕಳು ವೇದಿಕೆಯ ಮೇಲಿದ್ದರು. ಹಿಂಬಾಗಿಲಿನಿಂದ ಅವರನ್ನು ಸಾಲಾಗಿ ಹೊರಗೆ ಕರೆತರಲಾಯಿತು. ಆಚೆ ಮರದ ಕೆಳಗೆ ನಿಲ್ಲಿಸಿ ಎಣಿಸಲಾಯಿತು. ಮೂವತ್ತೊಂಬತ್ತು. ಮತ್ತೆ ಎಣಿಸಲಾಯಿತು. ನಲವತ್ತೆರಡು. ಮೂರನೆಯ ಸಲವೂ ಎಣಿಸಿ, ನಲವತ್ತೆರಡು ಎಂದು ಬರೆದುಕೊಳ್ಳಲು ಪೆನ್ನಿಗೆಂದು ಒಳಜೇಬಿಗೆ ಕೈ ಹಾಕಿದಾಗ ಅದು ಬೆರಳಿಗೆ ತಗುಲಿತು.

ಭವನವನ್ನು ಸುತ್ತಿ ಓಡಿ, ಹೊರಗಿನಿಂದ ಬಾಗಿಲು ತೆರೆದು, ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟು ಹಿಂದೆ ಸರಿದೆ. ಒಳಗಿದ್ದವರು ಒಬ್ಬರ ಮೇಲೊಬ್ಬರು ಹೊರಗೆ ಬಿದ್ದರು. ಕೆಳಗಿದ್ದ ಇಬ್ಬರು ಏಳಲಿಲ್ಲ. ಒಬ್ಬಳು ಆಸ್ಪತ್ರೆಯ ದಾದಿ. ಇನ್ನೊಬ್ಬ ದರ್ಜಿ. ಆ ಕೋಟನ್ನು ಹೊಲಿದವನು ಅವನೇ. ಒಳಜೇಬು ಆಳವಾಗಿರಲಿ ಎಂದು ಹೇಳಿ ಹೊಲಿಸಿದ್ದು.

ವರದಿಯಲ್ಲಿ ನಾಲ್ಕು ನಿಮಿಷ ಎಂದಿದೆ. ಮರದ ಕೆಳಗಿನಿಂದ ಪುರಭವನದ ಗಡಿಯಾರ ಕಾಣುತ್ತಿತ್ತು. ಹನ್ನೊಂದು ನಿಮಿಷ.

ವಿಚಾರಣೆಯಲ್ಲಿ ಕಾವಲುಗಾರ ಹೇಳಿದ: “ಕೀ ಮೇಷ್ಟ್ರು ಇಸ್ಕೊಂಡ್ರು.” ಎಲ್ಲರೂ ಇತ್ತ ನೋಡಿದರು. “ಬೀಗದ ಕೈಯನ್ನು ಕಾಯುವುದು ಕಾವಲುಗಾರನ ಕೆಲಸ,” ಎಂಬ ಉತ್ತರ ಬಂತು. ಅದರಲ್ಲಿ ಸುಳ್ಳಿಲ್ಲ. ನಲವತ್ತೆರಡು ಮಕ್ಕಳನ್ನು ಉಳಿಸಿದವನನ್ನು ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಬೆಂಕಿ ಬಿದ್ದಾಗ ನೀನೆಲ್ಲಿದ್ದೆ ಎಂದು ಅವನನ್ನು ಕೇಳಿದರು. “ವೇದಿಕೆ ಕೆಳಗೆ,” ಎಂದ. ಸಮಿತಿಯವರಲ್ಲಿ ಒಬ್ಬರು ನಕ್ಕರು, ಉಳಿದವರೂ ನಕ್ಕರು. ‘ಅಡಗಿಕೊಂಡಿದ್ದನು’ ಎಂದು ಬರೆಯಬಹುದಾಗಿತ್ತು. ಹಾಗೆ ಬರೆಯದೆ ‘ಸ್ಥಳದಲ್ಲಿರಲಿಲ್ಲ’ ಎಂದು ಬರೆದದ್ದು ಅವನ ಮೇಲಿನ ದಯೆಯಿಂದ. ಇಷ್ಟು ವರ್ಷ ಹಾಗೆಂದೇ ತಿಳಿದಿದ್ದೆ.

ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಬರೆದ್ರಾ?”

“ನಿನಗೆ ಗೊತ್ತಿತ್ತೇ?”

“ಆ ಕೋಟು ಒಗೆಯೋಕೆ ಕೊಡಲೇ ಇಲ್ಲ ನೀವು. ಸುಟ್ಟುಹಾಕಿದ್ರಿ. ಹೊಗೆ ವಾಸನೆ ಅಂದ್ರಿ. ನನ್ನ ಸೀರೆಗೂ ಹೊಗೆ ವಾಸನೆ ಬಂದಿತ್ತು, ನಾನು ಸುಡಲಿಲ್ಲ.” ಮೇಜಿನ ಮೇಲಿನ ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. “ಆವತ್ತಿಂದ ಇವತ್ತಿನವರೆಗೆ ಗಡಿಯಾರ ನೋಡದೆ ನೀವು ಒಂದು ಲೋಟ ನೀರು ಕುಡಿದಿಲ್ಲ. ಊಟಕ್ಕೆ ಬನ್ನಿ.”

ಫೆಬ್ರವರಿ ೨೫, ಮಧ್ಯಾಹ್ನ

ಮಾರ್ಚ್ ೩, ಮಂಗಳವಾರ

ಹದಿನೆಂಟನೆಯ ಪುಟವನ್ನು ಹೊಸದಾಗಿ ಬರೆದು ಅಲ್ಪವಿರಾಮನ ಅಂಗಡಿಗೆ ಒಯ್ದೆ. ಬಟ್ಟೆಯ ಥಾನುಗಳ ನಡುವೆ ನಿಂತು ಓದಿದ. ಓದುತ್ತ ಓದುತ್ತ ಗಲ್ಲಾದ ಹಿಂದಿನ ಕುರ್ಚಿಗೆ ಕುಳಿತುಬಿಟ್ಟ.

“ಸರ್, ಇದು, ಈಗ ಯಾಕೆ?”

“ಈಗ ಬರೆಯುತ್ತಿದ್ದೇನಲ್ಲ, ಅದಕ್ಕೆ.”

“ನೋಡಿ ಸರ್, ಬೀದಿಬೀದಿಗೆ ಸುಣ್ಣ ಬಣ್ಣ ಹೊಡೆಸಿದೀವಿ. ಬ್ಯಾಂಡಿದೆ, ಮಕ್ಕಳಿದಾರೆ, ಪಕ್ಕದ ಊರಿಂದೆಲ್ಲ ಬರ್ತಾರೆ. ಊರು ಅಂದ್ರೆ ಏನು ಸರ್? ನಾಲ್ಕು ಒಳ್ಳೇ ಕಥೆ. ಅದರಲ್ಲಿ ನಿಮ್ಮದೊಂದು.” ಒಮ್ಮೆಯೂ ತಡೆಯದೆ ಮಾತನಾಡುತ್ತಿದ್ದ, ಅವನ ಬಾಯಲ್ಲಿ ಇಷ್ಟು ಉದ್ದದ ಮಾತು ಕೇಳಿದ್ದು ಇದೇ ಮೊದಲು. “ಆ ನಲವತ್ತೆರಡರಲ್ಲಿ ನನ್ನ ತಂಗಿ ಇದ್ಲು. ಅವಳ ಮಗನಿಗೆ ನಾನು ಏನಂತ ಹೇಳಲಿ?”

“ಅವಳನ್ನು ಹೊರಗೆ ಕರೆತಂದದ್ದು ನಿಜ. ಅದನ್ನೂ ಬರೆದಿದ್ದೇನೆ.”

“ಕಾವಲುಗಾರನಿಗೆ ಏನಾದ್ರೂ ಸಹಾಯ ಬೇಕಾದ್ರೆ, ಸಮಿತಿಯಿಂದ, ಬೇರೆ ರೀತಿ...”

“ವಾಕ್ಯ ಮುಗಿಸಬೇಡ,” ಎಂದೆ.

ಪುಟವನ್ನು ಹಿಂದಕ್ಕೆ ಕೊಡಲಿಲ್ಲ. ಮಡಚಿ ಜೇಬಿನಲ್ಲಿ ಇಟ್ಟುಕೊಂಡ. ಮೇಲಂಗಿಯ ಒಳಜೇಬಿನಲ್ಲಿ.

ಮಾರ್ಚ್ ೩, ಸಂಜೆ.

ಮಾರ್ಚ್ ೮, ಭಾನುವಾರ

ಕಾವಲುಗಾರನ ಮನೆಗೆ ಹೋಗಿದ್ದೆ. ಅಚ್ಚುಮನೆಯ ಹಿಂದೆಯೇ ಎರಡು ಕೋಣೆ. ಮಗಳು ಪುಟ ಜೋಡಿಸುತ್ತಿದ್ದಳು. ಒಳಗೆ ಹೋಗಿ ಎಂದು ಗದ್ದದಿಂದಲೇ ತೋರಿಸಿದಳು.

ಅವನು ಕಿಟಕಿಯ ಬಳಿ ಕುಳಿತು, ಕೆಟ್ಟುಹೋದ ಹಾಳೆಗಳ ಅಂಚು ಕತ್ತರಿಸಿ ಮಕ್ಕಳಿಗಾಗಿ ಬರೆಯುವ ಪುಸ್ತಕ ಹೊಲಿಯುತ್ತಿದ್ದ. ಪುರಭವನ ಬಿಟ್ಟಮೇಲೆ ಮರದ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಹಲಗೆ ಹೊತ್ತನಂತೆ. ಬಲ ಹೆಗಲು ಎಡಕ್ಕಿಂತ ಒಂದು ಬೆರಳು ಕೆಳಗಿದೆ. ಎದ್ದು ನಿಂತು ಕುರ್ಚಿಯನ್ನು ಒರೆಸಿದ.

ಬರೆದ ಪುಟದ ನಕಲನ್ನು ಓದಿದೆ. ‘ಆ ಬಾಗಿಲಿಗೆ ಬೀಗ ಹಾಕಿದವನು ನಾನು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಬಾಗಿಲು ತೆರೆದದ್ದು ಹನ್ನೊಂದು ನಿಮಿಷಗಳ ಬಳಿಕ.’ ಅವರು ಸೂಜಿ ನಿಲ್ಲಿಸದೆ ಕೇಳಿದರು.

“ಚೆನ್ನಾಗಿ ಓದ್ತೀರಿ ಮೇಷ್ಟ್ರೇ, ಈಗಲೂ.”

“ನಿಮಗೆ ಹೇಳಬೇಕೆನ್ನಿಸಿತು.”

“ನನಗ್ಯಾಕೆ ಹೇಳ್ತೀರಿ? ನನಗೆ ಗೊತ್ತಿರೋದೇ ಅಲ್ವಾ.” ದಾರವನ್ನು ಹಲ್ಲಿನಿಂದ ಕಡಿದರು. “ಗೊತ್ತಿಲ್ಲದೋರಿಗೆ ಹೇಳಿ.”

ಕ್ಷಮೆ ಕೇಳಲು ಬಾಯಿ ತೆರೆದೆ. ಕೈಯೆತ್ತಿ ತಡೆದರು. ಕೋಪದಿಂದಲ್ಲ, ರಸ್ತೆ ದಾಟುವವರನ್ನು ತಡೆಯುವ ಹಾಗೆ.

“ಅದು ಆಮೇಲೆ. ಮೊದಲು ಅದು ಆಗಲಿ.”

ಹೊರಡುವಾಗ ಒಂದು ಮಾತು ಕೇಳಿದೆ: ವೇದಿಕೆಯ ಕೆಳಗೆ ಏಕೆ ಹೋಗಿದ್ದಿರಿ?

“ಇಪ್ಪತ್ತಾರು ವರ್ಷ ಆಯ್ತು,” ಎಂದರು. “ಆ ಪ್ರಶ್ನೇನ ಈಗ ಕೇಳಿದ್ದು ನೀವೊಬ್ಬರೇ.” ಹೊಲಿದ ಪುಸ್ತಕವನ್ನು ನನ್ನ ಕೈಗಿತ್ತರು. ಬೇಡವೆನ್ನಲು ಆಗಲಿಲ್ಲ.

ಸಂಜೆ.

ಮಾರ್ಚ್ ೧೪, ಶನಿವಾರ

ಸಂಚಿಕೆ ಅಚ್ಚಾಗಿ ಬಂದಿದೆ. ಹೊಳೆಯುವ ಹೊದಿಕೆ, ಒಳ್ಳೆಯ ಕಾಗದ. ಹದಿನೆಂಟನೆಯ ಪುಟದಲ್ಲಿ ಚರಿತ್ರೆ ನಲವತ್ತೆಂಟನೆಯ ವರ್ಷದಿಂದ ನೇರವಾಗಿ ಐವತ್ತಕ್ಕೆ ಹಾರುತ್ತದೆ. ನನ್ನ ಹೊಸ ಪುಟವೂ ಇಲ್ಲ, ಹಳೆಯ ಪುಟವೂ ಇಲ್ಲ. ಇಡೀ ವರ್ಷವೇ ಇಲ್ಲ. ಓದಿದವರು ಅಚ್ಚಿನ ದೋಷವೆಂದುಕೊಳ್ಳುವರು.

ಅಚ್ಚುಮನೆಯಾಕೆ ಸಪ್ಪೆ ಮುಖ ಮಾಡಿ, “ಜೋಡಿಸಿದ್ದೆ ಸರ್. ತೆಗೆಸಿದ್ರು,” ಎಂದಳು. ತೆಗೆಸಿದ್ದು ಯಾರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರಿಗೂ ಒಟ್ಟಿಗೇ ನಗು ಬಂತು. ಅವಳು ನಕ್ಕದ್ದನ್ನು ಕಂಡದ್ದು ಅದೇ ಮೊದಲು, ಬೇಗನೆ ನಿಲ್ಲಿಸಿದಳು.

ನಾಳೆ ಫಲಕ ಕೊಟ್ಟಮೇಲೆ ಐದು ನಿಮಿಷ ಮಾತನಾಡಬೇಕಂತೆ.

ಮನೆಯಾಕೆ ಅಂಗಿಗೆ ಇಸ್ತ್ರಿ ಹಾಕುತ್ತ, “ಏನು ಹೇಳ್ತೀರಿ?” ಎಂದಳು.

“ಒಂದೇ ವಾಕ್ಯ.”

“ನಾನು ಮುಂದಿನ ಸಾಲಲ್ಲೇ ಕೂರ್ತೀನ್ರೀ. ಕೂರಬೇಡ ಅಂದ್ರೂ ಕೂರ್ತೀನಿ.”

ನಾಳೆಯ ನಂತರ ಈ ಬೀದಿಯಲ್ಲಿ ಯಾರು ಮೇಷ್ಟ್ರೇ ಎಂದು ಕರೆಯುತ್ತಾರೋ ತಿಳಿಯದು. ನಲವತ್ತು ವರ್ಷ ಆ ಒಂದು ಪದದಲ್ಲಿ ವಾಸವಾಗಿದ್ದೆ. ಭಯವಾಗುತ್ತಿದೆ.

ಮಾರ್ಚ್ ೧೬, ಸೋಮವಾರ

ನಿನ್ನೆ ಬರೆಯಲು ಕುಳಿತುಕೊಳ್ಳಲಿಲ್ಲ.

ಬೀದಿಗಳು ಚೆನ್ನಾಗಿದ್ದವು. ಅದನ್ನು ಹೇಳಬೇಕು. ದೀಪದ ಕಂಬಗಳಿಗೆಲ್ಲ ಹೊಸ ಬಣ್ಣ, ಉದ್ಯಾನದ ಕಾರಂಜಿಯಲ್ಲಿ ನೀರು, ಅಂಗಡಿಗಳ ಮುಂದೆ ಹೂಕುಂಡ. ಬ್ಯಾಂಡಿನವರು ತಾಲೀಮಿನಲ್ಲಿ ತಪ್ಪುತ್ತಿದ್ದ ಜಾಗವನ್ನು ಈ ಸಲ ದಾಟಿಹೋದರು. ಜನ ಶಿಳ್ಳೆ ಹಾಕಿದರು. ಈ ಊರನ್ನು ನಾನು ಪ್ರೀತಿಸುತ್ತೇನೆ. ಇದನ್ನು ಹಿಂದೆ ಎಲ್ಲಿಯೂ ಬರೆದ ನೆನಪಿಲ್ಲ.

ಪುರಭವನ ತುಂಬಿತ್ತು. ಅಲ್ಪವಿರಾಮ ನನ್ನನ್ನು ಪರಿಚಯಿಸಿದ: ನಲವತ್ತೆರಡು ಮಕ್ಕಳು, ಹೊಗೆ, ಧೈರ್ಯ. ಅವನ ತಂಗಿ ಮೂರನೆಯ ಸಾಲಿನಲ್ಲಿದ್ದಳು. ಫಲಕ ಕೊಟ್ಟರು. ಭಾರವಾಗಿತ್ತು. ಅದನ್ನು ಮೇಜಿನ ಮೇಲಿಟ್ಟು ಧ್ವನಿವರ್ಧಕದ ಹತ್ತಿರ ಹೋದೆ.

“ಆ ಸಂಜೆ ಬಲಬದಿಯ ಬಾಗಿಲಿಗೆ ಬೀಗ ಹಾಕಿದವನು ನಾನು,” ಎಂದೆ.

ಅರ್ಥವಾಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಒಂದು ವಾಕ್ಯ ಮುಗಿಸಿದರೆ ತಟ್ಟುವುದು ವಾಡಿಕೆ. ನಾಲ್ಕಾರು ಮಂದಿ ಜೊತೆಗೂಡಿದರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೊನೆಯ ಇಬ್ಬರು ಮಾತ್ರ ಸ್ವಲ್ಪ ಹೊತ್ತು ತಟ್ಟುತ್ತಲೇ ಇದ್ದರು. ಅಷ್ಟು ಭಯಂಕರವಾದ ಸದ್ದನ್ನು ನಾನು ಕೇಳಿಲ್ಲ.

ಉಳಿದದ್ದನ್ನೂ ಹೇಳಿದೆ. ಬೀಗದ ಕೈ ಇಸಿದುಕೊಂಡದ್ದು, ಬೇಡವೆಂದು ಕಾವಲುಗಾರರು ಎಚ್ಚರಿಸಿದ್ದು, ಒಳಜೇಬು, ಹನ್ನೊಂದು ನಿಮಿಷ, ವರದಿ. ಒಂದೇ ವಾಕ್ಯವೆಂದುಕೊಂಡು ಹೋದವನು ಒಂಬತ್ತೋ ಹತ್ತೋ ಹೇಳಿದೆ. ನಡುವೆ ಧ್ವನಿವರ್ಧಕ ನಿಂತುಹೋಯಿತು. ಅದು ನಿಂತಿತೋ, ನಿಲ್ಲಿಸಿದರೋ. ತರಗತಿಯ ದನಿಯಲ್ಲಿ ಮುಂದುವರಿಸಿದೆ. ಕೊನೆಯ ಸಾಲಿಗೂ ಕೇಳಿಸಿತೆಂದು ಮನೆಯಾಕೆ ಹೇಳಿದಳು.

ಯಾರೂ ಬೈಯಲಿಲ್ಲ. ಮುದುಕಿಯೊಬ್ಬರು ಎದ್ದು ಹೋದರು. ದರ್ಜಿಯ ಅಕ್ಕನೆಂದು ಆಮೇಲೆ ತಿಳಿಯಿತು. ಅಲ್ಪವಿರಾಮನ ತಂಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. “ಸರ್ ಸ್ವಲ್ಪ, ಭಾವುಕರಾಗಿದಾರೆ, ಈಗ ಬ್ಯಾಂಡು,” ಎಂದ ಅಲ್ಪವಿರಾಮ. ಬ್ಯಾಂಡಿನವರು ಬಾರಿಸಲಿಲ್ಲ.

ಫಲಕ ಅಲ್ಲಿಯೇ ಉಳಿಯಿತು. ಬಲಬದಿಯ ಬಾಗಿಲಿನಿಂದ ಹೊರಬಂದೆವು, ಮನೆಯಾಕೆ ನನ್ನ ತೋಳು ಹಿಡಿದಿದ್ದಳು. ಕಾವಲುಗಾರರು ಅಂಗಳದ ನಲ್ಲಿಯ ಬಳಿ ನಿಂತಿದ್ದರು. ಒಳಗೆ ಬಂದಿರಲಿಲ್ಲ. ನನ್ನನ್ನು ನೋಡಿದರು, ನಲ್ಲಿಯನ್ನು ತಿರುಗಿಸಿದರು, ನಾನು ನೀರು ಕುಡಿದೆ.

ಇಂದು ಬೆಳಿಗ್ಗೆ ಗೇಟಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಯಾರೋ ‘ವಿಶ್ವಾಸಘಾತಕ’ ಎಂದು ಬರೆದಿದ್ದರು. ಒತ್ತಕ್ಷರ, ಮಹಾಪ್ರಾಣ, ದೀರ್ಘ, ಎಲ್ಲವೂ ಇರಬೇಕಾದಲ್ಲಿ ಇದ್ದವು. ನನ್ನ ವಿದ್ಯಾರ್ಥಿಯೇ ಇರಬೇಕು.

ಮನೆಯಾಕೆ ಒದ್ದೆ ಬಟ್ಟೆ ಹಿಡಿದು ಬಂದಳು. “ಒರೆಸ್ಲಾ?”

“ಇರಲಿ ಬಿಡು. ತಪ್ಪೇನೂ ಇಲ್ಲ.”

ಅವಳು ಒರೆಸಿದಳು.

ಗುರುವಾರ

ಮೂರು ದಿನ ಯಾರೂ ಮನೆಗೆ ಬರಲಿಲ್ಲ. ಹಾಲಿನವನು ಮಾತಿಲ್ಲದೆ ಪಾತ್ರೆ ತುಂಬಿ ಹೋಗುತ್ತಾನೆ. ದರ್ಜಿಯ ಅಕ್ಕನ ಮನೆಗೆ ಹೋದೆ, ಬಾಗಿಲು ತೆರೆಯಲಿಲ್ಲ. ತೆರೆಯಬೇಕೆಂದೂ ಇಲ್ಲ. ನಾಳೆಯೂ ಹೋಗುತ್ತೇನೆ. ಹಿಂತಿರುಗುವಾಗ ಮುಖ್ಯ ರಸ್ತೆಯ ಆ ಬಟ್ಟೆಫಲಕ ಒಂದು ಕಡೆ ಹಗ್ಗ ಬಿಚ್ಚಿ ಜೋತಾಡುತ್ತಿತ್ತು. ತಿದ್ದಿದ ಬಣ್ಣ ಕಿತ್ತು ಹಳೆಯ ‘ಷ’ ಮತ್ತೆ ಮೇಲೆ ಬಂದಿದೆ. ಅದರ ಕೆಳಗೇ ನಡೆದು ಬಂದೆ.

ಇಂದು ಬೆಳಿಗ್ಗೆ ಅಚ್ಚುಮನೆಯಾಕೆ ಬಂದು, “ಅಪ್ಪ ಪುರಭವನದ ಹತ್ತಿರ ಕಾಯ್ತಿದಾರೆ. ಬರ್ತೀರಾ ಸರ್?” ಎಂದರು. ಹೋದೆ.

ಈ ದಿನಚರಿಯಲ್ಲಿ ಒಂದು ತಪ್ಪು ಉಳಿದಿದೆ. ಫೆಬ್ರವರಿ ಒಂಬತ್ತರ ಪುಟದಲ್ಲಿ ಪುರಭವನಕ್ಕೆ ಆರು ಬಾಗಿಲೆಂದು ತಿದ್ದಿದ್ದೆ. ಏಳು.

ಏಳನೆಯದು ಬಲಬದಿಯ ಗೋಡೆಯಲ್ಲಿ, ವೇದಿಕೆಗೆ ಸರಿಯಾಗಿ, ನೆಲಕ್ಕೆ ಅಂಟಿಕೊಂಡಿದೆ. ಸೊಂಟದೆತ್ತರ. ಗೋಡೆಗೆ ಹೊಡೆದ ಬಣ್ಣವನ್ನೇ ಅದಕ್ಕೂ ಹೊಡೆದಿದ್ದಾರೆ, ಹಿಡಿಯಿಲ್ಲ. ಕುರ್ಚಿಗಳನ್ನು ವೇದಿಕೆಯ ಕೆಳಗೆ ತುಂಬಿಡಲು ಮಾಡಿದ್ದು. ಕಾವಲುಗಾರರು ಅಂಗೈಯಿಂದ ಒಂದು ಕಡೆ ಗುದ್ದಿದರು, ತೆರೆಯಿತು.

“ಕೀ ಇರಲಿಲ್ಲ. ನಿಮ್ಮನ್ನ ಹುಡುಕ್ದೆ, ಸಿಗಲಿಲ್ಲ. ಆಮೇಲೆ ಇದು ನೆನಪಾಯ್ತು. ಒಳಗಿಂದ ಕುರ್ಚಿ ಎಲ್ಲ ಎಳೆದುಹಾಕಿ ದಾರಿ ಮಾಡಿ, ವೇದಿಕೆ ಮುಂದಿನ ಹಲಗೆ ಒದ್ದು ಮುರಿದೆ. ಕೈಗೆ ಸಿಕ್ಕೋರನ್ನೆಲ್ಲ ಎಳೆದೆ.”

“ಎಷ್ಟು ಜನ?”

“ಒಂಬತ್ತು. ಎಣಿಸಿದ್ದೆ.”

“ಅವರು ಯಾರೂ ಹೇಳಲಿಲ್ಲವೇ?”

“ಆ ಹೊಗೇಲಿ ಯಾರ ಕೈ ಅಂತ ಯಾರಿಗೆ ಗೊತ್ತು ಮೇಷ್ಟ್ರೇ. ಹೊರಗೆ ಬಂದೋರು ಮನೆ ಕಡೆ ಓಡಿದ್ರು. ವೇದಿಕೆ ಕೆಳಗೆ ಅಂದ್ನಲ್ಲ ನಾನು, ನೀವೆಲ್ಲ ನಕ್ರಿ. ನಕ್ಕೋರ ಮುಂದೆ ಇನ್ನೊಂದು ಮಾತು ಆಡಬಾರದು ಅನ್ನಿಸ್ತು.”

ನಾನೂ ನಕ್ಕಿದ್ದೆನೇ? ಉಳಿದವರು ನಕ್ಕರೆಂದು ಬರೆದಿದ್ದೇನೆ. ನಾನೂ ನಕ್ಕಿದ್ದೆ.

ಅದನ್ನು ಅವರಿಗೆ ಹೇಳಿದೆ. ಆಮೇಲೆ, ಅಂದು ಅವರು ಕೈಯೆತ್ತಿ ತಡೆದ ಮಾತನ್ನೂ ಹೇಳಿದೆ. ಅವರು ನೆಲದ ಮೇಲೆ ಕೈಯೂರಿ ಕುಳಿತು, ಬಾಗಿಲೊಳಗೆ ಒಂದು ಕಾಲು ಚಾಚಿದರು.

“ಬನ್ನಿ, ಒಳಗಿಂದ ನೋಡಿ. ಹೊರಗೆ ನಿಂತು ಬರೀಬೇಡಿ.”

ಅವರ ಮಗಳು ನನ್ನ ಊರುಗೋಲು ಹಿಡಿದುಕೊಂಡರು.

“ತಲೆ ಬಗ್ಗಿಸಿ ಮೇಷ್ಟ್ರೇ. ಇನ್ನೂ ಸ್ವಲ್ಪ.”

ಬಗ್ಗಿಸಿದೆ. ಒಳಗೆ ಕತ್ತಲು, ಹಳೆಯ ಮರದ ವಾಸನೆ, ಸಾಲು ಕುರ್ಚಿಗಳು. ಅವರು ಮುಂದೆ, ನಾನು ಅವರ ಹಿಂದೆ, ಮಂಡಿಯೂರಿಕೊಂಡು ಆ ತುದಿಯವರೆಗೆ ಹೋಗಿ ಬಂದೆವು. ಎಷ್ಟು ಹೊತ್ತು ಹಿಡಿಯಿತೋ ನೋಡಲಿಲ್ಲ.